‘ಹಯವದನ’ದ ಶಿಶು

ಚನ್ನರಾಯನದುರ್ಗದ ಸುತ್ತಣ ಸೀಮೆಯಲ್ಲಿ, ಎಂದರೆ ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡಗಳ ಕಡೆಯಲ್ಲಿ, ಮೂಡಲಪಾಯದ ಆಟವನ್ನು ಕಂಡು ಬೆಳೆದವರಿಗೆ ಗಿರೀಶ ಕಾರ್ನಾಡರ ‘ಹಯವದನ’ದ (1971) ಉಪಕ್ರಮವು ಅಪರಿಚಿತವಾಗಿ ತೋರಲಾರದು. ಭಾಗವತನು ರಂಗಕ್ಕೆ ಬರುವನು, ಗಣಪತಿಯ ಪೂಜೆಯಾಗುವುದು, ಬಳಿಕ ಕಥೆ ಮೊದಲಾಗುವುದು. ಆಟದ ಪದ್ಧತಿಯೆಂದು ಇದನ್ನು ದಾಟಿಹೋಗುವುದು ವಾಡಿಕೆ. ಆದರೆ ಪೂಜೆಗೊಳ್ಳುವ ದೇವರು ಯಾರು? ತಂದೆಯ ಕೋಪದಿಂದ ತಲೆಯನ್ನು ಕಳೆದುಕೊಂಡು, ತಾಯಿಯ ದುಃಖವನ್ನು ಶಮನಗೊಳಿಸುವುದಕ್ಕಾಗಿ ಆನೆಯ ತಲೆಯನ್ನು ಪಡೆದ ಬಾಲಕನು. ಹಿರಿಯರ ಕೃತ್ಯವನ್ನು ಮೈಮೇಲೆ ಹೊತ್ತ ಮಗುವಿನಿಂದ ನಾಟಕವು ಪ್ರಾರಂಭವಾಗುತ್ತದೆ. ಅಂತಹ ಮತ್ತೊಂದು ಮಗುವಿನೊಡನೆ ಮುಗಿಯುತ್ತದೆ. ವಿಮರ್ಶೆಯು ಬಹುಮಟ್ಟಿಗೆ ತಲೆ-ಮುಂಡಗಳ ವಿವಾದದಲ್ಲಿಯೂ ಪೂರ್ಣತೆಯ ಚರ್ಚೆಯಲ್ಲಿಯೂ ನಿಂತಿರುವುದರಿಂದ, ಈ ಎರಡನೆಯ ಮಗುವಿಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ.

ಕಥೆಯ ಮೂಲವು ಬೇತಾಳ ಪಂಚವಿಂಶತಿಯದು. ತಲೆ ಅದಲುಬದಲಾದ ಇಬ್ಬರಲ್ಲಿ ಗಂಡನಾರೆಂದು ಬೇತಾಳನು ಕೇಳುತ್ತಾನೆ. ಅವಯವಗಳಲ್ಲಿ ಶಿರಸ್ಸೇ ಪ್ರಧಾನವೆಂದು ರಾಜನು ಉತ್ತರ ಕೊಡುತ್ತಾನೆ. ಅಲ್ಲಿಗೆ ಕಥೆ ಮುಗಿಯಿತು. ಸಂತಾನದ ಮಾತೇ ಇಲ್ಲ. ಜರ್ಮನ್ ಗ್ರಂಥಕರ್ತ ಥಾಮಸ್ ಮಾನ್ 1940ರಲ್ಲಿ ಇದೇ ವಸ್ತುವಿನ ಮೇಲೆ ಬರೆದ ಕಿರುಕಾದಂಬರಿಯಲ್ಲಿ ಒಂದು ಮಗುವುಂಟು. ಆ ಹುಡುಗನು ಮಂದದೃಷ್ಟಿಯುಳ್ಳವನಾದರೂ ವಿದ್ಯಾವಂತನಾಗಿ ಕಾಶಿಯ ಅರಸನ ಬಳಿ ಗ್ರಂಥವಾಚಕನಾಗುತ್ತಾನೆ. ಮಾನ್ ಹೀಗೆ ಲೆಕ್ಕವನ್ನು ಚುಕ್ತಾ ಮಾಡಿಬಿಟ್ಟನು. ಕಾರ್ನಾಡರ ಮಗು ಮಾತನಾಡುವುದಿಲ್ಲ, ನಗುವುದಿಲ್ಲ, ಕೈಯಲ್ಲಿರುವ ಗೊಂಬೆಗಳನ್ನು ಬಿಟ್ಟುಕೊಡುವುದಿಲ್ಲ. ಕನ್ನಡದ ನಾಟಕಕಾರರು ಇಲ್ಲಿ ಸತ್ಯಕ್ಕೆ ಹೆಚ್ಚು ಸಮೀಪವಾಗಿದ್ದಾರೆ.

ಕಾಳಿಯ ಗುಡಿಯ ದೃಶ್ಯವನ್ನು ಮತ್ತೊಮ್ಮೆ ನೋಡಬೇಕು. ದೇವದತ್ತನೂ ಕಪಿಲನೂ ತಲೆ ಕಡಿದುಕೊಂಡು ಬಿದ್ದಿರುವಾಗ ಪದ್ಮಿನಿಯು ಗರ್ಭಿಣಿ. ದೇವಿಯು ಆಕಳಿಸುತ್ತ ಎದ್ದು, ಬೇಗ ಮುಗಿಸೆಂದು ಅವಸರಪಡಿಸುತ್ತ ವರ ಕೊಡುತ್ತಾಳೆ. ಪದ್ಮಿನಿಯು ಸಂಭ್ರಮದಲ್ಲಿ ತಲೆಗಳನ್ನು ಬದಲಿಸಿ ಇಡುತ್ತಾಳೆ. ಪ್ರೇಕ್ಷಕರು ನಗುತ್ತಾರೆ, ನಗಬೇಕಾದದ್ದೇ. ಆದರೆ ಸಾಮರ್ಥ್ಯವುಳ್ಳವಳು ನಿದ್ದೆಗಣ್ಣಿನಲ್ಲಿದ್ದು, ಆಸೆಯುಳ್ಳವಳು ಅವಸರದಲ್ಲಿದ್ದ ಆ ಗಳಿಗೆಯಲ್ಲಿ ಒಪ್ಪಿಗೆ ಕೇಳಬೇಕಾದವರು ಮೂವರಿದ್ದರು: ಇಬ್ಬರು ಸತ್ತಿದ್ದರು, ಒಬ್ಬನು ಹುಟ್ಟಿರಲಿಲ್ಲ. ಬದುಕಿ ಎದ್ದ ಇಬ್ಬರಿಗೆ ಜಗಳವಾಡಲು ಬಾಯಿಯಾದರೂ ಇತ್ತು. ಗರ್ಭದ ಶಿಶುವಿಗೆ ದೊರೆತದ್ದು ಸಾಕ್ಷ್ಯದ ಸ್ಥಾನ ಮಾತ್ರ. ಬೀಜವು ಈ ದೇಹದ್ದು, ಆದಕಾರಣ ಹೆಂಡತಿಯೂ ತನ್ನವಳು ಎಂಬುದು ಕಪಿಲನ ವಾದ. ವ್ಯಾಜ್ಯದಲ್ಲಿ ಹಾಜರುಪಡಿಸುವ ಕಾಗದಪತ್ರದಂತೆ ಶಿಶುವಿನ ಉಪಯೋಗವಾಗುತ್ತದೆ. ಮುಂದೆ ಮಗುವಿನ ಹೆಗಲಲ್ಲಿ ಕಾಣುವ ಮಚ್ಚೆಯೂ ತಂದೆಯ ಒಡಲು ಯಾವುದೆಂದು ತಿಳಿಸುತ್ತದೆಯೇ ಹೊರತು, ಆ ಮಗುವಿನ ಪಾಡೇನೆಂದು ತಿಳಿಸುವುದಿಲ್ಲ.

ಹಾಗಿದ್ದರೂ ಗುಡಿಯ ಕತ್ತಿಯು ಬೀಜವನ್ನು ಮುಟ್ಟಿರಲಿಲ್ಲ. ಅದನ್ನೇ ಮುಟ್ಟಿದ ಪ್ರಸಂಗವು ಈಚೆಗೆ ನಡೆದಿದೆ. ಭ್ರೂಣಾವಸ್ಥೆಯಲ್ಲಿಯೇ ಸಿಸಿಆರ್5 ಎಂಬ ಜೀನನ್ನು ತಿದ್ದಿದ ಅವಳಿ ಹೆಣ್ಣುಮಕ್ಕಳು ಹುಟ್ಟಿರುವರೆಂದು ಚೀನದ ಶೆನ್‌ಜೆನ್ ನಗರದ ವಿಜ್ಞಾನಿ ಹೆ ಜಿಯಾಂಕುಯಿ 2018ರ ನವೆಂಬರಿನಲ್ಲಿ ಪ್ರಕಟಿಸಿದನು. ತಂದೆಗಿದ್ದ ಎಚ್.ಐ.ವಿ. ಸೋಂಕು ಮಕ್ಕಳಿಗೆ ಎಂದೂ ತಗಲಬಾರದೆಂಬುದು ಅವನು ಹೇಳಿದ ಕಾರಣ. ವೀರ್ಯವನ್ನು ತೊಳೆದು ಸೋಂಕನ್ನು ತಡೆಯುವ ಸರಳ ಮಾರ್ಗವು ಮೊದಲೇ ಬಳಕೆಯಲ್ಲಿತ್ತು. ತಂದೆತಾಯಿಗಳಿಂದ ರುಜು ಪಡೆದ ಒಪ್ಪಿಗೆಪತ್ರದಲ್ಲಿ ಕಾರ್ಯವನ್ನು ಏಡ್ಸ್ ಲಸಿಕೆಯ ಯೋಜನೆಯೆಂದು ಕರೆದಿತ್ತು. ನೈತಿಕ ಪರಿಶೀಲನೆಯ ಪತ್ರವು ಖೋಟಾ ಎಂದು ಅಲ್ಲಿನ ನ್ಯಾಯಾಲಯವು ಕಂಡುಕೊಂಡು 2019ರ ಡಿಸೆಂಬರಿನಲ್ಲಿ ಅವನಿಗೆ ಮೂರು ವರ್ಷಗಳ ಸೆರೆ ವಿಧಿಸಿತು. ಭಾರತದಲ್ಲಿ ಇಂತಹ ತಿದ್ದುಪಡಿಯನ್ನು ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯು ನಿಷೇಧಿಸುತ್ತದೆ.

ಇದು ಪರದೇಶದ ಸುದ್ದಿಯೆಂದು ಬಿಡುವಂತಿಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ, ದಲಿತ ಕುಟುಂಬಗಳವರ ಸೊಂಟ ಮಂಡಿಗಳ ಕೀಲು ಸವೆದು, ಕೆಲವರ ಬೆಳವಣಿಗೆಯೂ ಕುಂಠಿತವಾಗುವ ರೋಗವೊಂದು ಬೆಳಕಿಗೆ ಬಂದಿತು. ಕೀಟನಾಶಕ ಬಿದ್ದ ಗದ್ದೆಯ ಏಡಿಯನ್ನು ತಿಂದುದೇ ಕಾರಣವೆಂದು ಮೊದಲು ಶಂಕಿಸಲಾಯಿತು. ಬಳಿಕ ಅದು ವಂಶಪಾರಂಪರ್ಯದ್ದೆಂದೂ, ತಂದೆತಾಯಿಗಳಲ್ಲಿ ಒಬ್ಬರಿಗಿದ್ದರೆ ಪ್ರತಿಯೊಂದು ಮಗುವಿಗೂ ಅರ್ಧದಷ್ಟು ಸಂಭವವುಂಟೆಂದೂ ತಿಳಿದುಬಂದಿತು. ವಂಶಾವಳಿಗಳನ್ನು ಬರೆದುಕೊಂಡರು, ಎಕ್ಸ್‌ರೇ ತೆಗೆದರು, ರಕ್ತವನ್ನು ಪಡೆದರು. ರೋಗವನ್ನು ನಿರ್ಮೂಲ ಮಾಡುವ ಔಷಧ ಬರಲಿಲ್ಲ. ಅಲ್ಲಿ ನಡೆದದ್ದು ರೋಗದ ಶೋಧ, ಜೀನನ್ನು ತಿದ್ದುವ ಪ್ರಯೋಗವಲ್ಲ. ಆದರೂ ನಾಳೆ ಯಾರಾದರೂ ಅಂತಹ ವರವನ್ನು ಹಿಡಿದು ಬಂದರೆ, ಕಣ್ಣುಮುಚ್ಚಿ ಒಪ್ಪುವ ಇಕ್ಕಟ್ಟಿನಲ್ಲಿರುವವರು ಇಂತಹ ಮನೆಗಳ ತಾಯಂದಿರೇ. ಅವರನ್ನು ನೆನೆದಾಗ ಗುಡಿಯಲ್ಲಿ ಪದ್ಮಿನಿಯು ತೋರುವ ಅವಸರವನ್ನು ಬರಿಯ ಚಾಪಲ್ಯವೆಂದು ಓದುವುದು ಕಷ್ಟ. ಹೆಚ್ಚಿನ ಹೊಣೆ ಆಕಳಿಸಿದ ದೇವಿಯದು.

ನಾಟಕದ ಅಂತ್ಯದಲ್ಲಿ ಒಂದು ನ್ಯೂನತೆಯುಂಟು. ಗಂಡಸರಿಬ್ಬರೂ ಹೋರಾಡಿ ಮಡಿಯುತ್ತಾರೆ. ಮಗುವನ್ನು ಐದು ವರ್ಷ ಬೇಡರಲ್ಲಿಯೂ ಅನಂತರ ಅಜ್ಜನ ಮನೆಯಲ್ಲಿಯೂ ಇರಿಸಬೇಕೆಂದು ಹೇಳಿ ಪದ್ಮಿನಿಯು ಚಿತೆಯೇರುತ್ತಾಳೆ. ಅಷ್ಟು ಕಾಲದ ಮೌನವು ಹಯವದನನನ್ನು ಕಂಡ ಒಂದು ಗಳಿಗೆಯಲ್ಲಿ ನಗೆಯಾಗಿ ಒಡೆಯುತ್ತದೆ. ರಂಗದ ಮೇಲೆ ಇದು ಬಹು ಸೊಗಸು. ಆದರೆ ಮಗುವಿಗೆ ಸಂದ ನ್ಯಾಯವೆಂದು ಇದನ್ನು ಎಣಿಸುವುದಕ್ಕಾಗದು. ಮೇಲಾಗಿ ಆ ನಗೆಯಿಂದ ಪೂರ್ಣತೆ ದೊರೆತದ್ದು ಕುದುರೆಗೆ. ಬಾಲಕನು ಬಿಳಿಯ ಕುದುರೆಯನ್ನೇರಿ ಬರುತ್ತಿರುವನೆಂಬ ವಾರ್ತೆಯನ್ನು ಭಾಗವತನು ಅಜ್ಜನಿಗೆ ಕಳುಹಿಸುತ್ತಾನೆ. ಬಾಲಕನಿಗೆ ಅವನ ಕಥೆಯನ್ನು ಯಾರು ಹೇಳುವರೋ ಅದು ನಾಟಕದಲ್ಲಿ ಇಲ್ಲ.