ಮರಣಗಳ ಭೂಪಟ: ವಾಚನದ ಒಂದು ವಿಮರ್ಶೆ

ಅಮೆರಿಕ ಸಂಯುಕ್ತ ಸಂಸ್ಥಾನದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯು 1975ರಲ್ಲಿ ಹೊರತಂದ ಕ್ಯಾನ್ಸರ್ ಮರಣಗಳ ಭೂಪಟ ಸಂಪುಟವು ಹಲವು ದೃಷ್ಟಿಗಳಿಂದ ಶ್ಲಾಘ್ಯವಾದ ಕೃತಿ. ಟಾಮಸ್ ಮೇಸನ್, ಜೋಸೆಫ್ ಫ್ರಾಮೆನಿ ಮೊದಲಾದ ವಿದ್ವಾಂಸರು 1950ರಿಂದ 1969ರವರೆಗಿನ 20 ವರ್ಷಗಳ ಮರಣಗಳನ್ನು ಕೌಂಟಿಗಳೆಂಬ ಸಣ್ಣ ಆಡಳಿತ ವಿಭಾಗಗಳಿಗೆ ಅನುಸಾರವಾಗಿ ಎಣಿಸಿ, ವಯೋಭೇದದಿಂದ ಉಂಟಾಗುವ ಅಂತರವನ್ನು ಗಣಿತದಿಂದ ಸರಿತೂಗಿಸಿ, ಒಂದೊಂದು ಬಗೆಯ ಕ್ಯಾನ್ಸರಿಗೂ ಬೇರೆ ಬೇರೆ ವರ್ಣಪಟಗಳನ್ನು ರಚಿಸಿದರು. ಇದರ ಪ್ರಯೋಜನವು ಅಲ್ಪವಾದುದಲ್ಲ. ಆಗ್ನೇಯ ಭಾಗದ ಹೆಂಗಸರಲ್ಲಿ ಬಾಯಿಯ ಕ್ಯಾನ್ಸರಿನ ಮರಣಗಳು ಅಧಿಕವೆಂದು ಈ ಪಟಗಳು ತೋರಿಸಿದುವು. ಆ ಜಾಡನ್ನು ಹಿಡಿದು ಉತ್ತರ ಕ್ಯಾರೊಲೈನದಲ್ಲಿ ನಡೆದು 1981ರಲ್ಲಿ ಪ್ರಕಟವಾದ ಸಂಶೋಧನೆಯು, ನಶ್ಯವನ್ನು ಬಾಯಲ್ಲಿ ಇಟ್ಟುಕೊಳ್ಳುವ ರೂಢಿಗೂ ಈ ರೋಗಕ್ಕೂ ಇರುವ ಸಂಬಂಧವನ್ನು ಸ್ಥಾಪಿಸಿತು.

ಆದರೆ ಇದೇ ವಾಚನಕ್ರಮವು ದೊಡ್ಡ ಕರುಳು ಮತ್ತು ಗುದನಾಳಗಳ ಕ್ಯಾನ್ಸರಿಗೂ ಸಲ್ಲುವುದೇ ಎಂಬುದು ಇಲ್ಲಿ ವಿಚಾರಣೀಯವಾದ ಪ್ರಶ್ನೆ. ಆ ರೋಗದ ಪಟದಲ್ಲಿ ನ್ಯೂಯಾರ್ಕ್, ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್ ಮುಂತಾದ ಈಶಾನ್ಯ ಭಾಗಗಳಲ್ಲಿ ಮರಣಗಳು ಹೆಚ್ಚು, ದಕ್ಷಿಣದಲ್ಲಿ ಕಡಿಮೆ. ಇದನ್ನು ಕಂಡವರು ಈಶಾನ್ಯದ ನಗರಜೀವನಕ್ಕೂ ಅಲ್ಲಿನ ಸಮೃದ್ಧ ಆಹಾರಕ್ಕೂ ಕಾರಣವನ್ನು ಆರೋಪಿಸಿದುದು ಸಹಜವೇ ಆಗಿದೆ. ಆಫ್ರಿಕದಲ್ಲಿ ಶಸ್ತ್ರವೈದ್ಯರಾಗಿದ್ದ ಡೆನಿಸ್ ಬರ್ಕಿಟ್ಟರು, ಆಹಾರದಲ್ಲಿ ನಾರಿನಂಶವು ಕಡಿಮೆಯಾಗುವುದಕ್ಕೂ ಈ ರೋಗಕ್ಕೂ ಸಂಬಂಧವಿದೆಯೆಂದು 1971ರಲ್ಲಿ ವಾದಿಸಿದ್ದರು. ಅದಕ್ಕೂ ಮುಂಚೆ, 1968ರಲ್ಲಿ, ಹೆನ್‌ಸೆಲ್ ಮತ್ತು ಕುರಿಹಾರ ಎಂಬವರು ಜಪಾನಿನಿಂದ ಅಮೆರಿಕಕ್ಕೆ ವಲಸೆಹೋದವರಲ್ಲಿ ಕರುಳಿನ ಕ್ಯಾನ್ಸರಿನ ಮರಣಗಳು ತಾಯ್ನಾಡಿನ ಪ್ರಮಾಣವನ್ನು ಮೀರಿ ಹೆಚ್ಚುವುದನ್ನು ತೋರಿಸಿದ್ದರು. ರೋಗವು ರಕ್ತದೊಡನೆ ಬಂದುದಲ್ಲ, ವಾಸದೊಡನೆ ಬಂದುದು ಎಂಬುದು ಇದರ ತಾತ್ಪರ್ಯ. ಇಷ್ಟರ ಮಟ್ಟಿಗೆ ಈ ವಾದದಲ್ಲಿ ದೋಷವಿಲ್ಲ.

ದೋಷವಿರುವುದು ಪಟವನ್ನು ಸ್ಥಿರಚಿತ್ರವೆಂದು ಭಾವಿಸುವಲ್ಲಿ. 1970ರಿಂದ 2011ರವರೆಗಿನ ಮರಣಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಈ ಚಿತ್ರವನ್ನು ಬುಡಮೇಲು ಮಾಡಿತು. ಮಿಸಿಸಿಪಿ ನದಿಯ ಕೆಳಬಯಲಿನ 94 ಕೌಂಟಿಗಳಲ್ಲಿ ಮರಣ ಪ್ರಮಾಣವು 1970–72ರಲ್ಲಿ ದೇಶದ ಇತರ ಭಾಗಗಳಿಗಿಂತ ಶೇಕಡ 18ರಷ್ಟು ಕಡಿಮೆಯಾಗಿತ್ತು; 2009–11ರ ವೇಳೆಗೆ ಅದು ಶೇಕಡ 40ರಷ್ಟು ಹೆಚ್ಚಾಯಿತು. ಅಪಲಾಚಿಯನ್ ಬೆಟ್ಟಸೀಮೆಯ ಪಶ್ಚಿಮ ಮಧ್ಯಭಾಗವೂ, ವರ್ಜೀನಿಯ ಮತ್ತು ಉತ್ತರ ಕ್ಯಾರೊಲೈನಗಳ ಪೂರ್ವಭಾಗವೂ ಇದೇ ಪಟ್ಟಿಗೆ ಸೇರಿದುವು. ನೆಲವು ಅದೇ; ನದಿಯು ಅದೇ; ನಲವತ್ತು ವರ್ಷಗಳಲ್ಲಿ ಬಣ್ಣವು ಮಾತ್ರ ತಿರುಗುಮುರುಗಾಯಿತು.

ಇದಕ್ಕೆ ಕಾರಣವೇನು? ಮರಣ ಪ್ರಮಾಣವೆಂಬುದು ಒಂದೇ ಸಂಗತಿಯ ಅಳತೆಯಲ್ಲ. ರೋಗವು ಎಷ್ಟು ಜನಕ್ಕೆ ತಗಲಿತು ಎಂಬುದು ಒಂದು. ತಗಲಿದವರಲ್ಲಿ ಎಷ್ಟು ಜನ ಉಳಿಯಲಿಲ್ಲ ಎಂಬುದು ಇನ್ನೊಂದು. ಪಟದ ಬಣ್ಣದಲ್ಲಿ ಇವೆರಡೂ ಬೆರೆತುಹೋಗಿರುತ್ತವೆ. ಈ ಕ್ಯಾನ್ಸರು ಸಾಮಾನ್ಯವಾಗಿ ಕರುಳಿನ ಒಳಪದರದ ಸಣ್ಣ ಗಂಟುಗಳಿಂದ ಹಲವು ವರ್ಷಗಳಲ್ಲಿ ಬೆಳೆಯುತ್ತದೆ. ಗಂಟನ್ನು ಮೊದಲೇ ಕಂಡು ತೆಗೆದರೆ ರೋಗವೇ ಹುಟ್ಟದು. ಮಲದಲ್ಲಿ ಅಡಗಿರುವ ರಕ್ತವನ್ನು ಪ್ರತಿವರ್ಷವೂ ಪರೀಕ್ಷಿಸಿದರೆ ಮರಣಗಳು ಮೂರರಲ್ಲಿ ಒಂದು ಪಾಲು ತಗ್ಗುವುವೆಂದು ಮಿನೆಸೋಟದ ಪ್ರಯೋಗವು 1993ರಲ್ಲಿ ಸಿದ್ಧಪಡಿಸಿತು. ಇಂತಹ ಪರೀಕ್ಷೆಗಳು ವ್ಯಾಪಕವಾಗಿಲ್ಲದ ಕಾಲದ ಪಟವು ಬಹುಮಟ್ಟಿಗೆ ಜೀವನಕ್ರಮದ ಪಟವಾಗಿತ್ತು. ಪರೀಕ್ಷೆಗಳು ಬಂದ ಮೇಲೆ ಅವು ಉಳ್ಳವರನ್ನು ಬೇಗ ಮುಟ್ಟಿದುವು. ಬಡವರನ್ನು ತಡವಾಗಿ ಮುಟ್ಟಿದುವು. ಹೀಗೆ ಅದೇ ಪಟವು ವೈದ್ಯಸೌಕರ್ಯದ ಹಂಚಿಕೆಯ ಪಟವೂ ಆಯಿತು. ಧೂಮಪಾನ, ಸ್ಥೂಲಕಾಯ ಇವುಗಳ ಪಾತ್ರವನ್ನು ಇಲ್ಲಿ ಅಲ್ಲಗಳೆಯುವಂತಿಲ್ಲ. ಆದರೆ ಅವುಗಳಿಂದಲೇ ಎಲ್ಲವನ್ನೂ ವಿವರಿಸಲು ಹೊರಡುವುದು ಹಳೆಯ ವಾಚನದೋಷದ ಪುನರಾವೃತ್ತಿ.

ಇನ್ನೊಂದು ನ್ಯೂನತೆಯನ್ನೂ ಹೇಳಬೇಕು. 1975ರ ಸಂಪುಟವು ಬಿಳಿಯರ ಮರಣಗಳನ್ನು ಮಾತ್ರ ಎಣಿಸಿತ್ತು. ಇತರರ ಸಂಪುಟವು ಪ್ರತ್ಯೇಕವಾಗಿ 1976ರಲ್ಲಿ ಬಂದಿತು. ಕರಿಯರು ಬಹುಸಂಖ್ಯೆಯಲ್ಲಿ ವಾಸಿಸುವ ಮಿಸಿಸಿಪಿ ಬಯಲಿನ ತಿಳಿಬಣ್ಣವು ಅಲ್ಲಿನ ಎಲ್ಲ ನಿವಾಸಿಗಳ ಕಥೆಯಾಗಿರಲಿಲ್ಲ. ಪಟವನ್ನು ಓದುವವನು ಯಾರನ್ನು ಎಣಿಸಿದ್ದಾರೆಂದು ಮೊದಲು ಕೇಳತಕ್ಕದ್ದು.

ಇದು ಕೇವಲ ಪಾಂಡಿತ್ಯದ ಚರ್ಚೆಯಲ್ಲ. ‘ಅವರ ಊಟವೇ ಅಂಥದು’ ಎಂದು ಪಟವನ್ನು ಓದಿದರೆ ಸತ್ತವರೇ ತಪ್ಪಿತಸ್ಥರಾಗುತ್ತಾರೆ, ಸರ್ಕಾರಕ್ಕೆ ಮಾಡುವ ಕೆಲಸವೇನೂ ಉಳಿಯುವುದಿಲ್ಲ. ಬೇರೆ ವಾಚನದ ಫಲವನ್ನು ಡೆಲವೇರ್ ಸಂಸ್ಥಾನದಲ್ಲಿ ಕಾಣಬಹುದು. ಅಲ್ಲಿ 2002ರಿಂದ ವಿಮೆಯಿಲ್ಲದವರಿಗೆ ಪರೀಕ್ಷೆಯ ವೆಚ್ಚವನ್ನು ಸರ್ಕಾರವೇ ವಹಿಸಿತು, ಪರೀಕ್ಷೆಗೆ ಜನರನ್ನು ಕರೆತರಲು ದಾದಿಯರನ್ನು ನೇಮಿಸಿತು, ರೋಗ ಕಂಡವರ ಚಿಕಿತ್ಸೆಗೂ ನೆರವಾಯಿತು. 2009ರ ಹೊತ್ತಿಗೆ ಪರೀಕ್ಷೆ ಮಾಡಿಸಿಕೊಂಡ ಕರಿಯರ ಪ್ರಮಾಣವು ಶೇಕಡ 48ರಿಂದ 74ಕ್ಕೆ ಏರಿ ಬಿಳಿಯರಿಗೆ ಸಮನಾಯಿತು; ಅವರ ಮರಣ ಪ್ರಮಾಣವು ಶೇಕಡ 42ರಷ್ಟು ಇಳಿದು ಬಿಳಿಯರ ಪ್ರಮಾಣವನ್ನು ಬಹುತೇಕ ಮುಟ್ಟಿತು. ಇಷ್ಟು ಅಲ್ಪಕಾಲದಲ್ಲಿ ಒಂದು ಸಂಸ್ಥಾನದ ಜನರ ಊಟವು ಹೀಗೆ ಬದಲಾಗಿರಲಾರದು, ಬದಲಾದುದು ವ್ಯವಸ್ಥೆ.

ಆದುದರಿಂದ ಪಟವನ್ನು ದೂರಬೇಕಾದ ಕಾರಣವಿಲ್ಲ. ಎಲ್ಲಿ ಹುಡುಕಬೇಕೆಂಬುದನ್ನು ಅದು ತೋರಿಸುತ್ತದೆ. ಏನನ್ನು ಹುಡುಕಬೇಕೆಂಬುದನ್ನು ಓದುವವನೇ ವಿವೇಚಿಸಬೇಕು.