ಪುಟ್ಟ ಮಕ್ಕಳ ಉಪದೇಶಕಿಯರು ಮತ್ತು 'ಪುರಾತನ ಸೇವೆ': ಒಂದು ವಿಮರ್ಶೆ

ಧರ್ಮೋಪದೇಶಕರ ಸೇವೆಯನ್ನು ಕುರಿತು ವಿಶ್ವಗುರು ಫ್ರಾನ್ಸಿಸರು 2021ರ ಮೇ 10ರಂದು ಹೊರಡಿಸಿದ 'ಅಂತೀಕ್ವುಮ್ ಮಿನಿಸ್ತೇರಿಯುಮ್' ಎಂಬ ಪ್ರೇಷಿತ ಪತ್ರವನ್ನು ನಮ್ಮ ಗುರುಮಠಗಳಲ್ಲಿ ಓದಿದ್ದೇವೆ, ಕೊಂಡಾಡಿದ್ದೇವೆ. ಅದು ಕೊಂಡಾಟಕ್ಕೆ ಅರ್ಹವೂ ಹೌದು. ಆದರೆ ಗ್ರಂಥಾಲಯದ ಮೇಜಿನ ಮೇಲೆ ಓದಿದ ಪತ್ರವನ್ನು ಹಳ್ಳಿಯ ಜಗುಲಿಯ ಮೇಲೆ ಮತ್ತೊಮ್ಮೆ ಓದಿದಾಗ ಕೆಲವು ಪ್ರಶ್ನೆಗಳು ಏಳುತ್ತವೆ. ಆ ಪ್ರಶ್ನೆಗಳನ್ನು ವಿನಯದಿಂದ, ಆದರೆ ಮರೆಮಾಚದೆ ಮುಂದಿಡುವುದು ಈ ಬರಹದ ಉದ್ದೇಶ.

ಸವದತ್ತಿ ತಾಲೂಕಿನ ಉಗರಗೋಳ ಯಲ್ಲಮ್ಮನ ಗುಡ್ಡದ ಬುಡದಲ್ಲಿರುವ ಊರು. ಹುಣ್ಣಿಮೆಗಳಂದು 'ಉಧೋ ಉಧೋ' ಎಂಬ ಘೋಷದೊಡನೆ ಭಕ್ತರು ಸಾಲುಗಟ್ಟಿ ಗುಡ್ಡ ಏರುತ್ತಾರೆ. ಅಲ್ಲಿನ ಮಗುವಿಗೆ ಭಕ್ತಿಯೆಂದರೇನೆಂದು ಯಾರೂ ಪಾಠ ಹೇಳಬೇಕಾಗಿಲ್ಲ. ಭಂಡಾರದ ಬಣ್ಣವನ್ನೂ ಚೌಡಿಕೆಯ ದನಿಯನ್ನೂ ಅದು ತಾಯಿಯ ಸೊಂಟದ ಮೇಲೆ ಕುಳಿತೇ ಅರಿಯುತ್ತದೆ. ನೆರೆಹೊರೆಯವರ ಈ ಬದುಕು ನಮಗೊಂದು ಸತ್ಯವನ್ನು ನೆನಪಿಸುತ್ತದೆ. ವಿಶ್ವಾಸವು ಮೊದಲು ದಾಟುವುದು ಮಡಿಲಿನಿಂದ ಮಡಿಲಿಗೆ. ಪುಸ್ತಕ ಬರುವುದು ಆಮೇಲೆ. ಸಂತ ಪೌಲರು ತಿಮೊಥೇಯನಿಗೆ ಬರೆಯುವಾಗ ಅವನ ವಿಶ್ವಾಸದ ಮೂಲವನ್ನು ಹುಡುಕಿ ಹೋಗುವುದು ಅಜ್ಜಿ ಲೋವಿಯ ಬಳಿಗೆ, ತಾಯಿ ಯೂನಿಕೆಯ ಬಳಿಗೆ.

1953ರಲ್ಲಿ ಸ್ಥಾಪನೆಗೊಂಡ ಬೆಳಗಾವಿ ಧರ್ಮಪ್ರಾಂತ್ಯದ ಈ ಮೂಡಣ ಸೀಮೆಯಲ್ಲಿ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಬಯಲಿನಲ್ಲಿ, ಕ್ರೈಸ್ತ ಕುಟುಂಬಗಳು ವಿರಳ. ಗುರುಗಳು ಪ್ರತಿದಿನ ಎಲ್ಲೆಡೆಯೂ ಇರಲಾರರು. ಇಂಥ ಕಡೆ ಐದಾರು ವರ್ಷದ ಮಗುವಿಗೆ ಶಿಲುಬೆಯ ಗುರುತನ್ನು ಕೈಹಿಡಿದು ಕಲಿಸುವವಳು, ಮೂಗು ಒರೆಸಿ, ನೀರು ಕುಡಿಸಿ, ಕಥೆ ಹೇಳಿ ಕೂರಿಸುವವಳು, ವಾರವಿಡೀ ಹೊಲದಲ್ಲೋ ಹೊಲಿಗೆಯಂತ್ರದ ಮುಂದೋ ದುಡಿದು ಭಾನುವಾರ ಬರುವ ಒಬ್ಬ ಹೆಣ್ಣುಮಗಳು. ಮಕ್ಕಳ ಬಾಯಲ್ಲಿ ಅವಳು 'ಅಕ್ಕೋರು'. ವಿಶ್ವಗುರುಗಳ ಪತ್ರದಲ್ಲಿ ಅವಳು ಎಲ್ಲಿದ್ದಾಳೆ?

ಪತ್ರದ ಬಲವನ್ನು ಮೊದಲು ಹೇಳೋಣ. ಧರ್ಮೋಪದೇಶಕರ ಸೇವೆಯು ಗುರುಗಳ ಕೊರತೆಯನ್ನು ತುಂಬಲು ಹುಟ್ಟಿದ ತಾತ್ಕಾಲಿಕ ಏರ್ಪಾಡಲ್ಲ, ಹೊಸ ಒಡಂಬಡಿಕೆಯಷ್ಟೇ ಪುರಾತನವಾದ ವರದಾನ ಎಂದು ಅದು ಸಾರುತ್ತದೆ. ಸ್ನಾನದೀಕ್ಷೆಯೇ ಈ ಸೇವೆಯ ಬೇರು ಎಂಬುದನ್ನು ಸ್ಪಷ್ಟಪಡಿಸುತ್ತದೆ. 1972ರಲ್ಲಿ ಆರನೆಯ ಪೌಲರು ವಾಚಕ ಮತ್ತು ಪೀಠಸೇವಕ ಸೇವೆಗಳನ್ನು ಶ್ರೀಸಾಮಾನ್ಯರಿಗೆ ತೆರೆದರು. 2021ರ ಜನವರಿಯಲ್ಲಿ ಅವು ಸ್ತ್ರೀಯರಿಗೂ ತೆರೆದವು. ಅದೇ ವರ್ಷ ಧರ್ಮೋಪದೇಶಕ ಸೇವೆಗೂ ಸ್ಥಾಪಿತ ಪದವಿ ದೊರಕಿತು. 2022ರ ಜನವರಿ 23ರಂದು ಸಂತ ಪೇತ್ರರ ಮಹಾದೇವಾಲಯದಲ್ಲಿ ಶ್ರೀಸಾಮಾನ್ಯ ಸ್ತ್ರೀಪುರುಷರು ಈ ಸೇವೆಯನ್ನು ಸ್ವೀಕರಿಸಿದರು.

ಈಗ ಪ್ರಶ್ನೆಗಳು. ಮೊದಲನೆಯದು, ಈ ಪದವಿ ಯಾರಿಗೆ ಎಂಬುದು. 2021ರ ಡಿಸೆಂಬರಿನಲ್ಲಿ ದೈವಾರಾಧನಾ ಆಯೋಗವು ಸ್ಥಾಪನಾ ವಿಧಿಯನ್ನು ಪ್ರಕಟಿಸಿ, ಧರ್ಮಾಧ್ಯಕ್ಷರ ಮಂಡಳಿಗಳಿಗೆ ವಿವರಣಾ ಪತ್ರವೊಂದನ್ನು ಕಳುಹಿಸಿತು. ಮಕ್ಕಳನ್ನು ಸಂಸ್ಕಾರಗಳಿಗೆ ಸಿದ್ಧಪಡಿಸುವವರೆಲ್ಲರಿಗೂ ಸ್ಥಾಪನೆ ಅಗತ್ಯವಿಲ್ಲ. ಅವರಿಗೆ ಪ್ರತಿವರ್ಷದ ಆರಂಭದಲ್ಲಿ ಬಹಿರಂಗವಾಗಿ ಧರ್ಮಸಭೆಯ ಆದೇಶ ನೀಡಿದರೆ ಯೋಗ್ಯ ಎಂಬುದು ಅದರ ಸಾರ. ಇದಕ್ಕೆ ಕಾರಣವಿದೆ. ಸ್ಥಾಪಿತ ಸೇವೆ ಸ್ಥಿರವಾದುದು, ಸಮುದಾಯವನ್ನು ಮುನ್ನಡೆಸುವ ಹೊಣೆಯುಳ್ಳದ್ದು. ಅದನ್ನು ಎಲ್ಲರಿಗೂ ಹಂಚಿದರೆ ಅರ್ಥ ತೆಳುವಾದೀತು. ಈ ವಿವೇಕವನ್ನು ನಾವು ಒಪ್ಪುತ್ತೇವೆ. ಆದರೆ ಪರಿಣಾಮವನ್ನೂ ನೋಡಬೇಕು. ದೊಡ್ಡವರಿಗೆ ಬೋಧಿಸುವ, ಪ್ರಾರ್ಥನೆ ನಡೆಸುವ 'ಉಪದೇಶಿ' ಪದವಿಯ ಕಡೆಗೆ ನಡೆಯುತ್ತಾನೆ. ಚಿಕ್ಕವರನ್ನು ಸಾಕುವ ಅಕ್ಕೋರು ಹೊಸ್ತಿಲಲ್ಲೇ ಉಳಿಯುತ್ತಾಳೆ. ಚಿಕ್ಕವರೊಡನೆ ಕೆಲಸ ಮಾಡುವುದು ಚಿಕ್ಕ ಕೆಲಸ ಎಂಬ ಲೋಕದ ಅಳತೆಗೋಲು ನಮ್ಮೊಳಗೂ ನುಸುಳುತ್ತದೆ. ಮಕ್ಕಳನ್ನು ತಡೆದ ಶಿಷ್ಯರ ಮೇಲೆ ಪ್ರಭು ಕೋಪಗೊಂಡರೆಂದು ಮಾರ್ಕನು ಹೇಳುವುದನ್ನು ನಾವು ಮರೆಯುವಂತಿಲ್ಲ. ಮಕ್ಕಳನ್ನು ಅವರ ಬಳಿ ಕರೆತಂದವರ ಹೆಸರನ್ನು ಶುಭಸಂದೇಶ ಹೇಳುವುದಿಲ್ಲ. ಶಿಷ್ಯರು ಗದರಿಸಿದ್ದು ಅವರನ್ನೇ.

ಎರಡನೆಯ ಪ್ರಶ್ನೆ ಧರ್ಮಗ್ರಂಥದ ವ್ಯಾಖ್ಯಾನಕ್ಕೆ ಸಂಬಂಧಿಸಿದ್ದು. ಪತ್ರವು ಆರಂಭದಲ್ಲೇ ಗಲಾತ್ಯರಿಗೆ ಬರೆದ ಪತ್ರದ 6:6ನ್ನು ಉಲ್ಲೇಖಿಸುತ್ತದೆ. ವಾಕ್ಯವನ್ನು ಕಲಿಯುವವನು ಕಲಿಸುವವನೊಡನೆ ಒಳ್ಳೆಯದೆಲ್ಲವನ್ನೂ ಹಂಚಿಕೊಳ್ಳಬೇಕು ಎಂಬುದು ಅಲ್ಲಿನ ಉಪದೇಶ. ಪತ್ರವು ಇದನ್ನು ಜೀವನದ ಅನ್ಯೋನ್ಯತೆ ಎಂದು ಅರ್ಥೈಸುತ್ತದೆ. ಅದು ತಪ್ಪಲ್ಲ, ಆದರೆ ಅರ್ಧ. ಇಲ್ಲಿ ಪೌಲರು ಬೋಧಕರ ಹೊಟ್ಟೆಬಟ್ಟೆಯ ಮಾತನ್ನೂ ಆಡುತ್ತಿದ್ದಾರೆಂದು ವ್ಯಾಖ್ಯಾನಕಾರರು ಸಾಮಾನ್ಯವಾಗಿ ತಿಳಿಯುತ್ತಾರೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ 'ಅದ್ ಜೆಂತೆಸ್' ಶಾಸನದ 17ನೆಯ ಪರಿಚ್ಛೇದ, ಪೂರ್ಣಾವಧಿ ಉಪದೇಶಿಗಳಿಗೆ ನ್ಯಾಯವಾದ ಸಂಭಾವನೆಯನ್ನೂ ಸಾಮಾಜಿಕ ಭದ್ರತೆಯನ್ನೂ ಕೇಳಿತ್ತು. ಅದೇ ಪರಿಚ್ಛೇದವನ್ನು ಆಧರಿಸಿ ಬರೆದ ಪತ್ರದಲ್ಲಿ ಜೀವನೋಪಾಯದ ಮಾತು ಹಿಂದೆ ಸರಿದಿದೆ.

ಸ್ವಯಂಸೇವೆಗೆ ಹಣದ ಮಾತು ಬೆರೆತರೆ ಸೇವಾಭಾವ ಕೆಡುತ್ತದೆ ಎಂಬ ಆಕ್ಷೇಪವನ್ನು ನಾವು ಬಲ್ಲೆವು. ನಾವೂ ಹಾಗೆಯೇ ಹೇಳಿದ್ದುಂಟು. ಆದರೆ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಪೌಲರು ಮೊದಲು ತಮ್ಮ ಹಕ್ಕನ್ನು ಸ್ಥಾಪಿಸುತ್ತಾರೆ; ಅನಂತರವೇ ಅದನ್ನು ಬಿಟ್ಟುಕೊಡುತ್ತಾರೆ. ಇಲ್ಲದ ಹಕ್ಕನ್ನು ಯಾರೂ ತ್ಯಾಗಮಾಡಲಾರರು. ಅಕ್ಕೋರ ಉಚಿತ ಸೇವೆ ದಾನವಾಗುವುದು, ಪಡೆದವರು ಅದರ ಬೆಲೆಯನ್ನು ಅರಿತಾಗ. ಅರಿಯದಿದ್ದರೆ ಅದನ್ನು ಬಿಟ್ಟಿ ದುಡಿಮೆ ಎನ್ನಬೇಕಾಗುತ್ತದೆ.

ಈ ವಿಷಯದಲ್ಲಿ ಲೋಕವೂ ನಮಗೆ ಪಾಠ ಹೇಳಬಲ್ಲದು. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಿಂದ ಅಂಗನವಾಡಿಗಳು ಬಂದವು. ಅಲ್ಲಿನ ಕಾರ್ಯಕರ್ತೆಯರಿಗೆ ಸಲ್ಲುವುದು ಗೌರವಧನ. ಹೆಸರಿನಲ್ಲೇ ಗೌರವ, ಕೈಯಲ್ಲಿ ಅಲ್ಪ. ಅವರು ಸರ್ಕಾರಿ ಹುದ್ದೆಯವರಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದೂ ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲೇ. ದೀರ್ಘ ಹೋರಾಟದ ಬಳಿಕ 2022ರ ಏಪ್ರಿಲ್ 25ರಂದು ಅದೇ ನ್ಯಾಯಾಲಯ ಅವರು ಉಪದಾನಕ್ಕೆ ಅರ್ಹರೆಂದು ತೀರ್ಪಿತ್ತಿತು. ನಮ್ಮ ಭಾನುವಾರದ ಸೇವೆ ಅದಕ್ಕೆ ಸಮನಲ್ಲ, ನಿಜ. ಆದರೆ 'ಗೌರವ' ಎಂಬ ಪದದ ಮರೆಯಲ್ಲಿ ಹೊಣೆ ತಪ್ಪಿಸಿಕೊಳ್ಳುವ ಅಭ್ಯಾಸ ಎರಡೂ ಕಡೆ ಒಂದೇ.

ಇಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಈ ಸೀಮೆಯ ಉಪಕೇಂದ್ರವೊಂದರ ಹೊಣೆ ಹೊತ್ತಿದ್ದಾಗ ವರ್ಷಕ್ಕೊಮ್ಮೆ ಉಪದೇಶಕಿಯರನ್ನು ಕರೆದು, ಶಾಲು ಹೊದಿಸಿ, ಸ್ಟೀಲ್ ತಾಟು ಕೊಟ್ಟು, ಋಣ ತೀರಿತೆಂದು ಭಾವಿಸುತ್ತಿದ್ದೆವು. ಒಂದು ವರ್ಷ ಅವರಲ್ಲೊಬ್ಬಾಕೆ ತಾಟನ್ನು ಮೇಜಿನ ಮೇಲೆ ಮೆಲ್ಲನೆ ಇಟ್ಟು, "ತಾಟು ಮನ್ಯಾಗ ಅದಾವ್ರಿ ಫಾದರ್. ಹುಡುಗೂರು ಕೇಳಿದ್ದಕ್ಕ ಉತ್ತರ ಹೇಳಾಕ ನನಗ ಒಂದ್ ಪುಸ್ತಕ ಕೊಡ್ರಿ" ಎಂದರು. ಮೂರು ವರ್ಷ ಕೈಪಿಡಿಯೊಂದೂ ಇಲ್ಲದೆ ಅವರು ಕಲಿಸಿದ್ದರು. ನಾವು ಒಮ್ಮೆಯೂ ಅವರ ತರಗತಿಯಲ್ಲಿ ಕುಳಿತಿರಲಿಲ್ಲ.

ಆ ಮಾತು ನಮ್ಮ ಓದನ್ನು ತಿದ್ದಿತು. ಪ್ರೋತ್ಸಾಹವೆಂದರೆ ಹೊಗಳಿಕೆ ಎಂದು ನಾವು ತಿಳಿದಿದ್ದೆವು. ಆಕೆ ಕೇಳಿದ್ದು ಸಜ್ಜುಗೊಳಿಸುವಿಕೆಯನ್ನು. ಧರ್ಮಸಭೆಯ ಕಾನೂನು ಕೇಳುವುದೂ ಇದನ್ನೇ. ಉಪದೇಶಕರಿಗೆ ತಕ್ಕ ಸಿದ್ಧತೆಯೂ ನಿರಂತರ ತರಬೇತಿಯೂ ದೊರೆಯುವಂತೆ ನೋಡಿಕೊಳ್ಳುವ ಹೊಣೆಯನ್ನು 780ನೆಯ ವಿಧಿ ಧರ್ಮಪಾಲಕರ ಮೇಲೆ ಹೊರಿಸುತ್ತದೆ. 2020ರ ಧರ್ಮೋಪದೇಶ ನಿರ್ದೇಶಿಕೆಯು ಶೈಶವವನ್ನು ವಿಶ್ವಾಸದ ನಿರ್ಣಾಯಕ ಘಟ್ಟವೆನ್ನುತ್ತದೆ, ಸ್ತ್ರೀಯರ ಕೊಡುಗೆಯನ್ನು ವಿಶೇಷವಾಗಿ ಗುರುತಿಸುತ್ತದೆ. ಆದರೂ ಅತ್ಯಂತ ನಿರ್ಣಾಯಕವಾದ ವಯಸ್ಸಿನವರನ್ನು ಅತ್ಯಂತ ಕಡಿಮೆ ತರಬೇತಿ ಪಡೆದವರ ಕೈಗೆ ಒಪ್ಪಿಸುವ ವಾಡಿಕೆ ನಮ್ಮಲ್ಲಿ ಮುಂದುವರಿದಿದೆ.

ಆದ್ದರಿಂದ ನಮ್ಮ ಸೂಚನೆಗಳು ನಾಲ್ಕು. ಒಂದು, ಆ ವಾರ್ಷಿಕ ಆದೇಶವನ್ನು ಕಾಗದದಲ್ಲಿ ಉಳಿಸದೆ, ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಹೊತ್ತಿಗೆ, ಬಲಿಪೂಜೆಯ ನಡುವೆ, ಸಮುದಾಯದ ಮುಂದೆ, ಪ್ರತಿಯೊಬ್ಬರನ್ನೂ ಹೆಸರಿಡಿದು ಕರೆದು ನೀಡಬೇಕು. ಉಪಕೇಂದ್ರಗಳಲ್ಲಿ ಅಲ್ಲಿಯೇ ನೀಡಬೇಕು. ಎರಡು, ಕನ್ನಡದಲ್ಲಿ ಕೈಪಿಡಿ, ತಿಂಗಳಿಗೊಮ್ಮೆಯಾದರೂ ಒಟ್ಟಿಗೆ ಪಾಠ ಸಿದ್ಧಪಡಿಸುವ ಕೂಟ, ಅದಕ್ಕೆ ಬರುವ ಬಸ್ಸಿನ ಖರ್ಚು, ಕಳೆದುಕೊಂಡ ಕೂಲಿಯ ಲೆಕ್ಕ ಧರ್ಮಕೇಂದ್ರದ ಆಯವ್ಯಯದಲ್ಲಿ ಕಾಣಬೇಕು. ಗಲಾತ್ಯ 6:6ರ ವ್ಯಾಖ್ಯಾನ ಪೂರ್ಣವಾಗುವುದು ಅಲ್ಲಿ. ಮೂರು, ಮಕ್ಕಳ ರಕ್ಷಣೆಯ ಅರಿವು. 2012ರ ಪೋಕ್ಸೊ ಕಾಯಿದೆಯ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಮಗು ಮೊದಲು ಬಾಯಿಬಿಡುವುದು ಅಕ್ಕೋರ ಬಳಿ ಇರಬಹುದು. ಆಗ ಏನು ಮಾಡಬೇಕೆಂದು ಆಕೆಗೆ ಕಲಿಸದಿರುವುದು ಮಗುವಿಗೂ ಆಕೆಗೂ ಮಾಡುವ ಅನ್ಯಾಯ. ನಾಲ್ಕು, ಗುರುಮಠದ ವಿದ್ಯಾರ್ಥಿಗಳು ತಮ್ಮ ಪಾಲನಾ ತರಬೇತಿಯಲ್ಲಿ ಒಂದು ವರ್ಷವಾದರೂ ಇಂಥ ಉಪದೇಶಕಿಯ ಕೈಕೆಳಗೆ ಸಹಾಯಕರಾಗಿ ಕೆಲಸ ಮಾಡಬೇಕು, ಮೇಲ್ವಿಚಾರಕರಾಗಿ ಅಲ್ಲ.

'ಅಂತೀಕ್ವುಮ್ ಮಿನಿಸ್ತೇರಿಯುಮ್' ಬಾಗಿಲೊಂದನ್ನು ತೆರೆದಿದೆ. ಬಾಗಿಲು ತೆರೆದವರನ್ನು ದೂರುವುದು ನಮ್ಮ ಇಂಗಿತವಲ್ಲ. ಒಳಗೆ ಕುಳಿತ ನಾವು, ಹೊಸ್ತಿಲಲ್ಲಿ ಮಗುವನ್ನೆತ್ತಿಕೊಂಡು ನಿಂತವಳಿಗೆ ಜಾಗ ಮಾಡಿಕೊಡಬೇಕೆಂಬುದಷ್ಟೇ ನಮ್ಮ ವಿನಂತಿ. ಆ ತಾಟು ಇಂದಿಗೂ ನಮ್ಮ ಕೋಣೆಯಲ್ಲಿದೆ. ಪುಸ್ತಕ ಕೊಟ್ಟದ್ದು ಮರುವರ್ಷ.