ಆದಿಶಕ್ತಿಯ ಕಥೆಯೂ ಪ್ರಜಾಪತಿಯ ಕಥೆಯೂ

ಸೃಷ್ಟಿಯ ಮಾತು ಬಂದರೆ ಮೈಸೂರಿನ ವಿದ್ಯಾವಂತರ ಮನೆಗಳಲ್ಲಿ ಕ್ಷೀರಸಾಗರ, ನಾಭಿಕಮಲ, ಚತುರ್ಮುಖ ಇವೇ ಮೊದಲು ನೆನಪಿಗೆ ಬರುವುವು. ಅದೇ ಸೀಮೆಯಲ್ಲಿ ಕಂಸಾಳೆ ಹಿಡಿದು ಮಲೆಯ ಮಾದೇಶ್ವರನ ಮಹಿಮೆಯನ್ನು ಹಾಡುವ ದೇವರಗುಡ್ಡರ ಪರಂಪರೆಯಲ್ಲಿ ಮತ್ತೊಂದು ಸೃಷ್ಟಿಕಥೆಯುಂಟು. 1929ರಲ್ಲಿ ಮೈಸೂರಿನಲ್ಲಿ ಜನಿಸಿದ ವಿದ್ವಾಂಸ ಎ. ಕೆ. ರಾಮಾನುಜನ್‌ರವರು ಅದನ್ನು ಚರ್ಚಿಸಿ ಹೊರನಾಡಿನ ಓದುಗರಿಗೂ ಪರಿಚಯಿಸಿದರು. ಆದರೂ ಶಾಸ್ತ್ರವನ್ನೋದಿದ ಕೆಲವರು ಅದನ್ನು ಅಸಭ್ಯವೆಂದು ತಳ್ಳಿಬಿಡುವುದುಂಟು. ಈ ತೀರ್ಪು ನ್ಯಾಯವೇ ಎಂಬುದು ವಿಚಾರಾರ್ಹವಾಗಿದೆ.

ಕಥೆ ಇಂತಿದೆ. ಎಲ್ಲಕ್ಕಿಂತ ಮೊದಲು ಆದಿಶಕ್ತಿಯೊಬ್ಬಳೇ ಇದ್ದಳು. ಜೊತೆಯನ್ನು ಬಯಸಿ ಆಕೆ ಬ್ರಹ್ಮನನ್ನು ಹುಟ್ಟಿಸಿ, ತನ್ನನ್ನು ವರಿಸೆಂದಳು. "ನೀನು ತಾಯಿ" ಎಂದು ಅವನು ಒಪ್ಪಲಿಲ್ಲ, ಭಸ್ಮವಾದನು. ವಿಷ್ಣುವಿಗೂ ಅದೇ ಗತಿಯಾಯಿತು. ಮೂರನೆಯವನಾದ ಶಿವನು ಉಪಾಯದಿಂದ ಆಕೆಯನ್ನು ನರ್ತನಕ್ಕೆಳೆದು, ಉರಿಗಣ್ಣುಳ್ಳ ಅಂಗೈಯನ್ನು ತನ್ನ ತಲೆಯ ಮೇಲೆ ತಾನೇ ಇರಿಸಿಕೊಳ್ಳುವಂತೆ ಮಾಡಿದನು. ಭಸ್ಮಾಸುರನ ಕಥೆಯನ್ನು ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ.

ಇದನ್ನು ಕೇಳಿ ಕಿವಿ ಮುಚ್ಚಿಕೊಳ್ಳುವವರು ಐತರೇಯ ಬ್ರಾಹ್ಮಣವನ್ನು ಮರೆಯಬಾರದು. ಅಲ್ಲಿ ಪ್ರಜಾಪತಿಯೇ ಮೃಗರೂಪದಿಂದ ತನ್ನ ಮಗಳನ್ನು ಕೂಡುವನು; ದೇವತೆಗಳು ತಮ್ಮ ಘೋರಾಂಶಗಳನ್ನೆಲ್ಲ ಒಟ್ಟುಗೂಡಿಸಿ ಉಂಟುಮಾಡಿದ ದೇವನು ಅವನನ್ನು ಬಾಣದಿಂದ ಭೇದಿಸುವನು. ನಾವು ಪಂಚಾಂಗದಲ್ಲಿ ಓದುವ ಮೃಗಶಿರೆ, ರೋಹಿಣಿಗಳಿಗೆ ಈ ಕಥೆಯ ನಂಟಿದೆ. ಬೃಹದಾರಣ್ಯಕದಲ್ಲಿ ಏಕಾಕಿಯಾದ ಪುರುಷನು ತನ್ನನ್ನೇ ಇಬ್ಭಾಗಿಸಿ ಸ್ತ್ರೀಯನ್ನು ಪಡೆದನು. ತನ್ನಿಂದಲೇ ಹುಟ್ಟಿದವಳನ್ನು ಇವನು ಹೇಗೆ ಕೂಡುವನೆಂದು ಅವಳು ನಾಚಿ, ಗೋವಾಗಿ ಮರೆಯಾದಳು, ಅವನು ವೃಷಭನಾದನು. ಹೀಗೆ ಇರುವೆಯವರೆಗಿನ ಜೀವಜಾತಿಗಳೆಲ್ಲ ಹುಟ್ಟಿದವು.

ತೊಡಕು ಎರಡೂ ಕಡೆ ಒಂದೇ. ಆದಿಯಲ್ಲಿದ್ದುದು ಒಂದೇ ಆದರೆ ಎರಡನೆಯದು ಅದರಿಂದಲೇ ಬರಬೇಕು, ಬಂದುದು ಬಂಧುವಾಗುವುದು, ಬಂಧುವಿನೊಡನೆ ಮೂರನೆಯದು ಹುಟ್ಟುವುದೆಂತು? ಅನ್ಯದೇಶೀಯರಿಗೂ ಈ ತೊಡಕು ತಪ್ಪಲಿಲ್ಲ. ಗ್ರೀಕರ ಹೆಸಿಯೋಡನ ಕಾವ್ಯದಲ್ಲಿ ಭೂದೇವಿಯಾದ ಗಾಯಾ ಆಕಾಶವನ್ನು ಹೆತ್ತು, ಅವನನ್ನೇ ಪತಿಯಾಗಿ ಪಡೆಯುವಳು, ಬೇಡವೆನ್ನುವವರು ಅಲ್ಲಿಲ್ಲ. ಬೈಬಲಿನ ಆದಿಕಾಂಡದಲ್ಲಿ ದೇವರು ನುಡಿಯಿಂದಲೇ ಬೆಳಕನ್ನುಂಟುಮಾಡಿದನು. ಆದರೂ ಆದಾಮನ ಪತ್ನಿ ಅವನ ಪಕ್ಕೆಲುಬಿನಿಂದಲೇ ಬಂದವಳು.

ಇವುಗಳ ನಡುವೆ ನಮ್ಮ ಹಾಡುಗಾರರ ಕಥೆಯ ವಿಶೇಷ ಗಮನಾರ್ಹವಾದುದು. ಉಪನಿಷತ್ತಿನಲ್ಲಿ ಸ್ತ್ರೀಯ ಸಂಕೋಚವು ಸೃಷ್ಟಿಗೆ ದಾರಿಯಾಗುವುದೇ ಹೊರತು ತಡೆಯಾಗುವುದಿಲ್ಲ. ಜನಪದದ ಬ್ರಹ್ಮವಿಷ್ಣುಗಳಾದರೋ ಸುಟ್ಟು ಬೂದಿಯಾದರೂ ಒಪ್ಪಲಿಲ್ಲ. ಲೋಕ, ಶಾಸ್ತ್ರ, ಸಾಕ್ಷಿ ಯಾವುದೂ ಇಲ್ಲದಾಗ "ನೀನು ತಾಯಿ" ಎಂಬ ಒಂದು ಮಾತು ಮಾತ್ರ ಇತ್ತು. ಧರ್ಮವು ಜಗತ್ತಿಗಿಂತ ಹಿರಿಯದೆಂಬ ಭಾವವನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ. ಇದನ್ನು ಅಸಭ್ಯವೆನ್ನುವುದೆಂತು?

ಹಾಗೆಂದು ಕಥೆ ನಿರ್ದೋಷವೆನ್ನಲಾಗದು. ಕೆಲವು ಪಾಠಗಳಲ್ಲಿ ಆದಿಶಕ್ತಿಯ ಬೂದಿಯನ್ನು ಮೂರು ಪಾಲು ಮಾಡಲಾಗಿ, ಅದರಿಂದ ಸರಸ್ವತಿ, ಲಕ್ಷ್ಮೀ, ಪಾರ್ವತಿಯರು ಎದ್ದು ತ್ರಿಮೂರ್ತಿಗಳ ಪತ್ನಿಯರಾಗುವರು. ಪ್ರಾಣ ಕೊಟ್ಟು ನಿರಾಕರಿಸಿದುದನ್ನೇ ಹೆಸರು ಬದಲಿಸಿ ಸ್ವೀಕರಿಸಿದಂತಾಯಿತಲ್ಲವೆ? ಒಬ್ಬಳೇ ಸರ್ವಶಕ್ತೆಯಾಗಿದ್ದವಳು ಮೂವರ ಮಡದಿಯರಾಗಿ ಹಂಚಿಹೋದಳು. ಇಲ್ಲಿ ಕಥೆಗಾರನು ತೊಡಕನ್ನು ಬಿಡಿಸಲಿಲ್ಲ, ಮರೆಮಾಡಿದನು. ಉಪನಿಷತ್ತಾದರೋ ಅದನ್ನು ಮುಚ್ಚಿಡದೆ ಎದುರಿಗಿಟ್ಟಿತು. ಆ ಗುಣ ಅದರ ಪಾಲಿನದು.

ಒಂದೊಂದು ಕಥೆಗೂ ಒಂದೊಂದು ಗುಣ, ಒಂದೊಂದು ಕೊರತೆ. ಆದುದರಿಂದ ಪ್ರಜಾಪತಿಯ ಕಥೆಗೆ ಗೂಢಾರ್ಥವನ್ನು ಹುಡುಕುವ ಪಂಡಿತನು ಆದಿಶಕ್ತಿಯ ಕಥೆಗೂ ಅಷ್ಟೇ ತಾಳ್ಮೆಯನ್ನು ತೋರಬೇಕು. ಒಂದಕ್ಕೆ ವ್ಯಾಖ್ಯಾನ, ಮತ್ತೊಂದಕ್ಕೆ ಧಿಕ್ಕಾರ ಎಂಬುದು ವಿಮರ್ಶೆಯಲ್ಲ, ಪಂಕ್ತಿಭೇದ. ಕಂಸಾಳೆಯ ದನಿ ಬಾಗಿಲಿಗೆ ಬಂದಾಗ ಕಾಣಿಕೆ ಕೊಟ್ಟು ಕಳುಹಿಸುವ ಗೃಹಸ್ಥರು, ಒಂದು ಗಳಿಗೆ ನಿಂತು ಕಥೆಯನ್ನೂ ಕೇಳುವುದು ಲೇಸು.